ಥ್ರಿಲ್ಲರ್‌ನಲ್ಲಿ ಭಯ ಯಾರದ್ದು?

ದಾವಣಗೆರೆಯ ಓದುಗರೇ, ನಿಮ್ಮ ಪತ್ರ ತಲುಪಿತು. ಮನಸ್ಸಿನ ಭಯ, ಭ್ರಮೆಗಳ ಮೇಲೆ ನಿಂತ ಸೈಕಲಾಜಿಕಲ್ ಥ್ರಿಲ್ಲರ್‌ಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. ಹಾಲಿವುಡ್‌ನ 'ಗೆಟ್ ಔಟ್' ಒಳ್ಳೇ ಸಿನಿಮಾ, ಅದರಲ್ಲಿ ಬಣ್ಣ, ಜನಾಂಗ ಅಂತೆಲ್ಲ ಯಾಕೆ ಹುಡುಕುತ್ತೀರಿ, ವಿಲನ್ ಯಾರಾದರೇನು, ಹೆದರಿಕೆ ಹುಟ್ಟಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಷ್ಟು ಸಾಕಾಗಲ್ಲ.

ನೀವು ಮೆಚ್ಚಿದ ಸಿನಿಮಾವನ್ನೇ ನೋಡೋಣ. ಕ್ರಿಸ್ ಕಪ್ಪು ಹುಡುಗ, ಬಿಳಿ ಗೆಳತಿಯ ಅಪ್ಪ ಅಮ್ಮನನ್ನು ನೋಡಲು ಹೊರಟಿದ್ದಾನೆ. ದಾರಿಯಲ್ಲಿ ಕಾರಿಗೆ ಜಿಂಕೆ ಬಡಿಯುತ್ತದೆ. ಕಾರು ಓಡಿಸುತ್ತಿದ್ದವಳು ಗೆಳತಿ. ಆದರೆ ಪೊಲೀಸಿನವನು ಗುರುತಿನ ಚೀಟಿ ಕೇಳುವುದು ಪಕ್ಕದಲ್ಲಿ ಕೂತಿದ್ದ ಕ್ರಿಸ್‌ನ ಹತ್ತಿರ. ಅವನು ವಾದಕ್ಕೇ ಇಳಿಯುವುದಿಲ್ಲ, ಸುಮ್ನೆ ತೆಗೆದುಕೊಡಲು ಹೋಗುತ್ತಾನೆ. ಕೊನೆಯಲ್ಲಿ ಏನಾಗುತ್ತದೆ, ನೆನಪಿದೆಯಲ್ವಾ? ಕತ್ತಲ ರಸ್ತೆ, ಅವನನ್ನು ಬಲೆಗೆ ಕೆಡವಿದ್ದ ಗೆಳತಿ ಗಾಯಗೊಂಡು ಬಿದ್ದಿದ್ದಾಳೆ, ಅವನ ಮುಖದ ಮೇಲೆ ಕೆಂಪು ನೀಲಿ ದೀಪದ ಬೆಳಕು, ಅವನು ನಿಧಾನಕ್ಕೆ ಎರಡೂ ಕೈ ಎತ್ತುತ್ತಾನೆ. ಸಾಮಾನ್ಯವಾಗಿ ಥ್ರಿಲ್ಲರ್‌ನಲ್ಲಿ ಪೊಲೀಸ್ ಕಾರು ಬಂತೆಂದರೆ ಸದ್ಯ ಬಚಾವಾದ ಅಂತ ಉಸಿರು ಬಿಡುತ್ತೇವೆ. ಇಲ್ಲಿ ಎದೆ ಧಸಕ್ಕೆನ್ನುತ್ತದೆ, ಪೊಲೀಸರು ಕಪ್ಪು ಹುಡುಗನನ್ನೇ ಅಪರಾಧಿ ಅಂದುಕೊಳ್ಳುತ್ತಾರೆ ಅಂತ. ಬಂದವನು ಅವನ ಸ್ನೇಹಿತ ಅಂತ ಆಮೇಲೆ ಗೊತ್ತಾಗುವುದು. ಕ್ರಿಸ್ ಜೈಲಿಗೆ ಹೋಗುವ ಇನ್ನೊಂದು ಕೊನೆಯನ್ನೂ ನಿರ್ದೇಶಕ ಜೋರ್ಡನ್ ಪೀಲ್ ಚಿತ್ರೀಕರಿಸಿದ್ದರು. ಬಣ್ಣದ ವಿಚಾರ ತೆಗೆದುಹಾಕಿ ನೋಡಿ, ಆ ದೃಶ್ಯದಲ್ಲಿ ಹೆದರುವುದಕ್ಕೆ ಏನೂ ಉಳಿಯುವುದಿಲ್ಲ. ನಾವು ಹುಡುಕಿ ತಂದು ಅಂಟಿಸಿದ್ದಲ್ಲ ಅದು. 2018ರಲ್ಲಿ ಪೀಲ್ ಅವರಿಗೆ ಮೂಲ ಚಿತ್ರಕಥೆಯ ಆಸ್ಕರ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕ ಅವರು.

ಇನ್ನು ವಿಲನ್ ವಿಚಾರ. 1960ರ 'ಸೈಕೋ'ದ ಕೊನೆಯಲ್ಲಿ ಮನೋವೈದ್ಯನೊಬ್ಬ ನಿಂತು ಎಲ್ಲ ಬಿಡಿಸಿ ಹೇಳುತ್ತಾನೆ. ಕೊಲೆಗಾರ ಹೆಣ್ಣಿನ ಬಟ್ಟೆ ಹಾಕಿಕೊಂಡಿದ್ದು ಹೆಣ್ಣಾಗುವ ಆಸೆಯಿಂದಲ್ಲ ಅಂತಲೂ ಹೇಳುತ್ತಾನೆ. 1991ರ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಕೂಡ ಹಾಗೇ, ಕೊಲೆಗಾರ ನಿಜವಾದ ಟ್ರಾನ್ಸ್ (ಲಿಂಗ ಪರಿವರ್ತಿತ) ವ್ಯಕ್ತಿಯಲ್ಲ ಅಂತ ಪಾತ್ರದ ಬಾಯಲ್ಲಿ ಹೇಳಿಸುತ್ತದೆ. ಆದರೆ ಆ ಮಾತು ಯಾರಿಗೆ ನೆನಪಿರುತ್ತದೆ? ಅವನು ಲಿಪ್‌ಸ್ಟಿಕ್ ಹಚ್ಚಿಕೊಂಡು ಕ್ಯಾಮೆರಾ ಎದುರು ಕುಣಿಯುವುದು ಮಾತ್ರ ಕಣ್ಣಲ್ಲಿ ಉಳಿಯುತ್ತದೆ. ಟ್ರಾನ್ಸ್ ವ್ಯಕ್ತಿಗಳನ್ನು ತೆರೆಯ ಮೇಲೆ ಬೇರೆ ರೀತಿಯಲ್ಲಿ ಕಾಣುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೋಟ್ಯಂತರ ಜನ ನೋಡಿದ್ದು ಅದನ್ನೇ. ಆ ಚಿತ್ರ ಐದು ಆಸ್ಕರ್ ಗೆದ್ದ ದಿನ ಸಮಾರಂಭದ ಹೊರಗೆ ಇಂಥ ಚಿತ್ರಣದ ವಿರುದ್ಧ ಪ್ರತಿಭಟನೆ ನಡೆದಿತ್ತು. ಆ ಕೊಲೆಗಾರನ ಬೆನ್ನು ಹತ್ತುವ ಕ್ಲಾರಿಸ್ ಸ್ಟಾರ್ಲಿಂಗ್‌ಳಂಥ ಗಟ್ಟಿ ಹೆಣ್ಣುಪಾತ್ರ ಕೊಟ್ಟ ಸಿನಿಮಾವೂ ಅದೇ. ಎರಡೂ ನಿಜ, ಒಂದರಿಂದ ಇನ್ನೊಂದನ್ನು ಮುಚ್ಚಲು ಆಗಲ್ಲ.

ಮಾನಸಿಕ ಕಾಯಿಲೆಯ ಕಥೆಯೂ ಇದೇ. ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಜಾಸ್ತಿ. ಥ್ರಿಲ್ಲರ್‌ಗಳಲ್ಲಿ ಮಾತ್ರ ಇದು ತಲೆಕೆಳಗು. ಥ್ರಿಲ್ಲರ್ ಅಲ್ಲದಿದ್ದರೂ, ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ 'ಶರಪಂಜರ' ನೆನಪಿಸಿಕೊಳ್ಳಿ. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು ಮನೆಗೆ ಬರುತ್ತಾಳೆ. ಅವಳು ವಾಸಿಯಾಗಿದ್ದಾಳೆ, ಜನ ನೋಡುವ ನೋಟ ವಾಸಿಯಾಗಿಲ್ಲ. ಕಲ್ಪನಾ ಮಾಡಿದ ಆ ಪಾತ್ರದ ಜತೆ ಕೂತು ನಾವು ಹೆದರುತ್ತೇವೆ, ಅವಳಿಗೆ ಹೆದರುವುದಿಲ್ಲ.

ಹಾಗಾದರೆ ಇಂಥವರನ್ನು ವಿಲನ್ ಮಾಡಲೇಬಾರದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಲಿ. ಆದರೆ ಕೊಲೆಗೆ ಕಾರಣ ಬರೀ ಅವರ ಕಾಯಿಲೆ, ಬರೀ ಅವರ ಉಡುಪು ಆಗದಿರಲಿ, ಅವರಂಥ ಇನ್ನೊಬ್ಬರು ಅದೇ ಕಥೆಯಲ್ಲಿ ಸುಮ್ನೆ ಬದುಕುತ್ತಿರಲಿ. 'ಆಪ್ತಮಿತ್ರ'ದಲ್ಲಿ ಗಂಗಾಗೆ ಬಂದಿದ್ದು ದೆವ್ವವಲ್ಲ, ಕಾಯಿಲೆ ಅಂತ ಮನೋವೈದ್ಯನೇ ಹೇಳುತ್ತಾನೆ, ವಾಸಿ ಮಾಡುವುದು ಮಾತ್ರ ಪೂಜೆಯ ನಾಟಕದಿಂದ. ಅದು ಸರಿಯೋ ತಪ್ಪೋ ಅಂತ ನಮ್ಮ ಕಚೇರಿಯಲ್ಲೇ ಜಗಳವಿದೆ. ನಿಮ್ಮ ವಾದವನ್ನೂ ಬರೆದು ಕಳಿಸಿ, ಕತ್ತರಿ ಹಾಕದೆ ಪ್ರಕಟಿಸುತ್ತೇವೆ.

– ಸಂಪಾದಕ