ಮಾವನ ಫಾರ್ಮಿಗೂ ಸಹಿ, ಗೆಳೆಯರ ಫಾರ್ಮಿಗೂ ಸಹಿ

ಪ್ರಶ್ನೆ: ನಾನು ಬೆಳಗಾವಿಯ ಶಹಾಪುರದವನು. ಮುಂಬೈಯಲ್ಲಿ ಒಂದು ವಿಮಾನ ಕಂಪನಿಯ ಹ್ಯಾಂಗರಿನಲ್ಲಿ ಟೆಕ್ನಿಷಿಯನ್. ಅಪ್ಪ ತೀರಿಕೊಂಡ ಮೇಲೆ ನನ್ನ ಕೋರ್ಸಿನ ಫೀ ತುಂಬಿದ್ದು ಸೋದರಮಾವ. ಅವರೂ ಇದೇ ಕಂಪನಿಯಲ್ಲಿ ಡ್ರೈವರ್. ಡ್ರೈವರ್, ಲೋಡರ್, ಮೆಕ್ಯಾನಿಕ್ ಎಲ್ಲರೂ ಇರುವ ದೊಡ್ಡ ಯೂನಿಯನ್ನಿನ ಪದಾಧಿಕಾರಿ. ಅದಕ್ಕೆ ನಾನು ಮೊದಲೇ ಸದಸ್ಯ. ಈಗ ಹ್ಯಾಂಗರಿನ ಹುಡುಗರು ಮೆಕ್ಯಾನಿಕ್‌ಗಳಿಗೇ ಬೇರೆ ಯೂನಿಯನ್ ಕಟ್ಟಿದ್ದಾರೆ. ‘ಅಮೆರಿಕದಾಗ ಹಿಂಗ ಅದ’ ಅಂತಾರೆ. ಅವರ ಒತ್ತಾಯಕ್ಕೆ ಅಲ್ಲೂ ಸಹಿ ಹಾಕಿದೆ. ಕಂಪನಿಯ ಜೊತೆ ಮಾತುಕತೆಗೆ ಯಾವ ಯೂನಿಯನ್ ಕೂರಬೇಕು ಅಂತ ತೀರ್ಮಾನಿಸುವ ಸದಸ್ಯರ ಎಣಿಕೆ ಹತ್ತಿರ ಬಂದಿದೆ. ಮಾವನ ಮಗಳನ್ನು ನನಗೆ ತರುವ ಮಾತೂ ನಡೆದಿದೆ. ಅವ್ವ ‘ಮಾವನ ಮಾತು ಮೀರಬ್ಯಾಡ’ ಅಂತಾಳೆ. ಗಣಪತಿ ಹಬ್ಬಕ್ಕೆ ಎಲ್ಲರೂ ಊರಲ್ಲಿ ಸೇರುತ್ತೇವೆ. ಏನು ಮಾಡಲಿ?

ಉತ್ತರ: ಮೊದಲು ಎರಡು ಸಹಿಯ ವಿಷಯ ಮುಗಿಸೋಣ. ಎರಡೂ ಕಡೆಯವರು ನಿಮ್ಮ ಹೆಸರು ತೋರಿಸಿ ‘ಇವನು ನಮ್ಮವನು’ ಅನ್ನುತ್ತಾರೆ. ಪರಿಶೀಲನೆಯಲ್ಲಿ ಅದು ಹೊರಗೆ ಬಂದೇ ಬರುತ್ತದೆ. ಆಗ ಮಾವನಿಗೂ ಸಿಟ್ಟು, ಗೆಳೆಯರಿಗೂ ಸಿಟ್ಟು. ಬೋಲ್ಟ್ ಬಿಗಿ ಮಾಡದೆ, ಕೆಲಸ ಮುಗಿದಿದೆ ಅನ್ನುವ ಟಾಸ್ಕ್ ಕಾರ್ಡಿಗೆ ನೀವು ಸಹಿ ಹಾಕುತ್ತೀರಾ? ಇಲ್ಲ ಅಲ್ವಾ. ಇದನ್ನೂ ಹಾಗೇ ನೋಡಿ. ಒಂದನ್ನು ವಾಪಸ್ ತಗೊಳ್ಳಲೇಬೇಕು.

ಯಾವುದನ್ನು? ಇಲ್ಲಿ ಮಾವನ ಋಣವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ. ಗೆಳೆಯರ ಅಮೆರಿಕವನ್ನೂ ಪಕ್ಕಕ್ಕೆ ಇಡಿ.

ಗೆಳೆಯರು ಹೇಳಿದ್ದು ಸುಳ್ಳಲ್ಲ. ಅಲ್ಲಿ ರೈಲು ಕಾರ್ಮಿಕರಿಗೆ 1926ರಲ್ಲಿ ಬಂದ ಕಾನೂನನ್ನು 1936ರಲ್ಲಿ ವಿಮಾನ ಕಂಪನಿಗಳಿಗೂ ಹಚ್ಚಿದರು. ಅದರ ಪ್ರಕಾರ ಎಣಿಕೆ ಆಗುವುದು ಕಸುಬಿನ ಲೆಕ್ಕದಲ್ಲಿ. ಮೆಕ್ಯಾನಿಕ್‌ಗಳ ವೋಟು ಬೇರೆ, ಪೈಲಟ್‌ಗಳದ್ದು ಬೇರೆ. ಹಾಗಾಗಿ ಮೆಕ್ಯಾನಿಕ್‌ಗಳಷ್ಟೇ ಸೇರಿ ತಮ್ಮ ಯೂನಿಯನ್ ಆರಿಸಬಹುದು, ಬದಲಾಯಿಸಲೂಬಹುದು. ಯುನೈಟೆಡ್ ಏರ್‌ಲೈನ್ಸ್ ಮೆಕ್ಯಾನಿಕ್‌ಗಳು 2003ರಲ್ಲಿ ಹಳೇ ದೊಡ್ಡ ಯೂನಿಯನ್ ಬಿಟ್ಟು ಮೆಕ್ಯಾನಿಕ್‌ಗಳದ್ದೇ ಸಂಘವಾದ ಆಮ್ಫಾಗೆ ಹೋದರು. 2008ರಲ್ಲಿ ಅದನ್ನೂ ಬಿಟ್ಟು ಟೀಮ್‌ಸ್ಟರ್ಸ್ ಅನ್ನುವ, ಹಲವು ಕಸುಬಿನವರ ದೊಡ್ಡ ಯೂನಿಯನ್ ಸೇರಿದರು.

ನಮ್ಮಲ್ಲಿ ಎಣಿಕೆಯ ರೀತಿಯೇ ಬೇರೆ. 2025ರ ನವೆಂಬರ್‌ನಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ ಇಡೀ ಸಂಸ್ಥೆಯ ಹಾಜರಿ ಪಟ್ಟಿಯನ್ನು ನೋಡುತ್ತದೆ. ಅದರಲ್ಲಿ ಶೇಕಡಾ 51 ಕಾರ್ಮಿಕರು ಯಾರ ಜೊತೆ ಇದ್ದಾರೋ ಅವರೇ ಮಾತುಕತೆಗೆ ಕೂರುವ ಏಕೈಕ ಯೂನಿಯನ್. ಯಾರಿಗೂ 51 ಬರದಿದ್ದರೆ ಮಾತುಕತೆ ಮಂಡಳಿ ಆಗುತ್ತದೆ. ಅದರೊಳಗೆ ಕೂರಲು ಶೇಕಡಾ 20 ಬೇಕು. ಮಾವನ ಯೂನಿಯನ್ 51 ದಾಟಿದರೆ ನಿಮ್ಮ ಗೆಳೆಯರದ್ದು ರಿಜಿಸ್ಟರ್ ಆಗಿರುತ್ತದೆ, ಬೋರ್ಡ್ ಇರುತ್ತದೆ, ಆದರೆ ಸಂಬಳದ ಮಾತುಕತೆಯಲ್ಲಿ ಕುರ್ಚಿ ಇರುವುದಿಲ್ಲ.

ಹಾಗಾಗಿ ಗೆಳೆಯರಿಗೆ ಒಂದೇ ಪ್ರಶ್ನೆ ಕೇಳಿ: ‘ಒಟ್ಟು ಪಟ್ಟಿಯಾಗ ನಾವು ಎಷ್ಟು ಮಂದಿ?’ ಲೋಡರ್‌ಗಳಲ್ಲಿ ಎಷ್ಟು ಜನ ಕಂಪನಿಯ ಪಟ್ಟಿಯಲ್ಲಿದ್ದಾರೆ, ಎಷ್ಟು ಜನ ಗುತ್ತಿಗೆ ಏಜೆನ್ಸಿಯ ಪಟ್ಟಿಯಲ್ಲಿದ್ದಾರೆ ಅಂತಲೂ ಕೇಳಿ. ಅದರಿಂದ ಲೆಕ್ಕ ಪೂರ್ತಿ ತಿರುಗಬಹುದು. ‘ಮೊದಲು ಸಹಿ ಹಾಕು, ಆಮೇಲೆ ನೋಡೋಣ’ ಅನ್ನುವವರ ಹತ್ತಿರ ಲೆಕ್ಕ ಇಲ್ಲ ಅಂತಲೇ ಅರ್ಥ.

ಗೆಳೆಯರ ಸಿಟ್ಟು ನ್ಯಾಯವಾದದ್ದೇ. ನಡುರಾತ್ರಿ ಎಂಜಿನ್ ಕೆಳಗೆ ಟಾರ್ಚ್ ಕಚ್ಚಿಕೊಂಡು, ಬೋಲ್ಟ್ ಸಡಿಲಾಗದಂತೆ ಲಾಕ್‌ವೈರ್ ತಂತಿ ಸುತ್ತುತ್ತಾ ಬೆರಳು ಕುಯ್ದುಕೊಳ್ಳುವವನಿಗೆ ಇರುವ ತಕರಾರು ಬೇರೆ. ಬೆಳಗಿನ ಫ್ಲೈಟ್ ಬಿಡಬೇಕು, ಬೇಗ ಸಹಿ ಹಾಕು ಅನ್ನುವ ಒತ್ತಡ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅನ್ನುವ ಟ್ರೈನಿಂಗ್ ಬಾಂಡ್. ಲೈಸೆನ್ಸ್ ಪರೀಕ್ಷೆಗೆ ರಜೆ ಸಿಗದಿರುವುದು. ಡ್ರೈವರ್‌ಗಳ ಬೇಡಿಕೆ ಪಟ್ಟಿಯಲ್ಲಿ ಇದು ಹನ್ನೊಂದನೆಯದೋ ಹನ್ನೆರಡನೆಯದೋ ಆಗಿರುತ್ತದೆ. 2022ರ ಜುಲೈನಲ್ಲಿ ಇಂಡಿಗೊ ಟೆಕ್ನಿಷಿಯನ್‌ಗಳು ಸಂಬಳ ಸಾಲದು ಅಂತ ಒಟ್ಟೊಟ್ಟಿಗೆ ಸಿಕ್ ಲೀವ್ ಹಾಕಿದ್ದು ಸುಮ್ನೆ ಅಲ್ಲ.

ಆದರೆ ಒಬ್ಬಂಟಿಯಾದರೆ ಏನಾಗುತ್ತದೆ ಅನ್ನುವುದನ್ನೂ ನೋಡಿ. ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ ಆಮ್ಫಾ ಮೆಕ್ಯಾನಿಕ್‌ಗಳು 2005ರ ಆಗಸ್ಟ್‌ನಲ್ಲಿ ಮುಷ್ಕರಕ್ಕೆ ಇಳಿದರು. ಪೈಲಟ್‌ಗಳು, ಗಗನಸಖಿಯರು, ನೆಲದ ಸಿಬ್ಬಂದಿ ಅವರ ಜೊತೆ ಕೆಲಸ ನಿಲ್ಲಿಸಲಿಲ್ಲ. ಕಂಪನಿ ಬದಲಿ ಮೆಕ್ಯಾನಿಕ್‌ಗಳನ್ನು ಮೊದಲೇ ಸಿದ್ಧ ಮಾಡಿಕೊಂಡಿತ್ತು. ವಿಮಾನಗಳು ಹಾರುತ್ತಲೇ ಇದ್ದವು. 2006ರ ನವೆಂಬರ್‌ನಲ್ಲಿ ಮುಷ್ಕರ ಮುಗಿಯುವ ಹೊತ್ತಿಗೆ ಸಾವಿರಾರು ಜನರ ಕೆಲಸ ಹೋಗಿತ್ತು. ನಿಮ್ಮ ಗೆಳೆಯರು ಅಮೆರಿಕದ ಕಥೆ ಹೇಳುವಾಗ ಇದನ್ನು ಬಿಟ್ಟಿರುತ್ತಾರೆ ಅಂತ ನನ್ನ ಅನುಮಾನ.

ನನ್ನ ಅಭಿಪ್ರಾಯ ಹೀಗೆ. ಗೆಳೆಯರ ಕೈಯಲ್ಲಿ 20 ನಿಜವಾಗಿಯೂ ಇದ್ದು, ಮಾವನವರಿಗೆ 51 ಆಗುವುದಿಲ್ಲ ಅಂತ ಕಂಡರೆ, ಧೈರ್ಯವಾಗಿ ಗೆಳೆಯರ ಜೊತೆ ಹೋಗಿ. ಇಲ್ಲವಾದರೆ ಮಾವನ ಯೂನಿಯನ್ನಿನಲ್ಲೇ ಇರಿ, ಆದರೆ ಬಾಯಿ ಮುಚ್ಚಿಕೊಂಡು ಇರಬೇಡಿ. ಹ್ಯಾಂಗರಿನವರಿಗೆ ಕಾರ್ಯಕಾರಿಣಿಯಲ್ಲಿ ಜಾಗ ಬೇಕು, ಬಾಂಡ್ ಮತ್ತು ಶಿಫ್ಟ್ ವಿಷಯ ಬೇಡಿಕೆ ಪಟ್ಟಿಯ ಮೊದಲ ಪುಟಕ್ಕೆ ಬರಬೇಕು ಅಂತ ಬರೆದು ಕೊಡಿ. ಎಣಿಕೆ ಹತ್ತಿರ ಇದ್ದಾಗ ಒಂದೊಂದು ಸದಸ್ಯತ್ವಕ್ಕೂ ಬೆಲೆ ಇರುತ್ತದೆ. ಕೇಳಲು ಇದೇ ಸಮಯ.

ಇನ್ನು ಮಾವ. ಎರಡು ಸಹಿಯ ಸುದ್ದಿ ಅವರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು, ಅದೂ ಮುಂಬೈಯಲ್ಲೇ. ಹಬ್ಬಕ್ಕೆ ಊರಿಗೆ ಹೋದಾಗ ಹೇಳೋಣ ಅಂದುಕೊಳ್ಳಬೇಡಿ. ಅಲ್ಲಿ ಅವ್ವ ಇರುತ್ತಾರೆ, ಅತ್ತೆ ಇರುತ್ತಾರೆ, ಮಾತು ಯೂನಿಯನ್ನಿನಿಂದ ಮದುವೆಗೆ ಜಾರಲು ಐದು ನಿಮಿಷ ಸಾಕು. ಅವರ ಡ್ಯೂಟಿ ಮುಗಿದ ಮೇಲೆ ಒಬ್ಬರೇ ಹೋಗಿ. ‘ಮಾವಾ, ನಾ ಎರಡೂ ಕಡೆ ಸಹಿ ಹಾಕೇನಿ, ತಪ್ಪಾಗೇದ. ಬ್ಯಾರೇದವ್ರು ಹೇಳೂಕಿಂತ ಮೊದಲ ನಾನ ಹೇಳಬೇಕಂತ ಬಂದೇನಿ.’ ಇಷ್ಟು ಸಾಕು. ಅವರು ಬೈಯಬಹುದು. ಬೈಸಿಕೊಳ್ಳಿ. ಯೂನಿಯನ್ ನಡೆಸುವವರಿಗೆ ಸದಸ್ಯ ಕೈ ಬಿಟ್ಟುಹೋಗುವುದು ಹೊಸದೇನಲ್ಲ. ಅಳಿಯ ಮುಚ್ಚಿಟ್ಟ ಅನ್ನುವುದೇ ಜಾಸ್ತಿ ಚುಚ್ಚುತ್ತದೆ.

ಮಾವ ಕೋರ್ಸಿನ ಫೀ ಕೊಟ್ಟದ್ದು ನೀವು ಅಕ್ಕನ ಮಗ ಅಂತ. ಅದನ್ನು ತೀರಿಸಲು ಬೇರೆ ದಾರಿ ಬೇಕಾದಷ್ಟಿವೆ. ಕಂತು ಕಂತಾಗಿ ದುಡ್ಡೇ ವಾಪಸ್ ಕೊಡಬಹುದು. ಅವರು ಬೇಡ ಅನ್ನಲಿ, ಕೊಡಲು ಹೋಗಿ.

ಯಾವುದನ್ನು ಬಿಡುತ್ತೀರೋ ಆ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಗೆ ರಾಜೀನಾಮೆ ಬರೆದು ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಚಂದಾ ಸಂಬಳದಲ್ಲಿ ಕಡಿತ ಆಗುತ್ತಿದ್ದರೆ ಎಚ್‌ಆರ್‌ಗೂ ಒಂದು ಪತ್ರ. ‘ಇಂಥ ಯೂನಿಯನ್ ಸೇರಿದರೆ ನೋಡು’ ಅಂತ ಸೂಪರ್‌ವೈಸರ್ ಹೆದರಿಸಿದರೆ ದಿನಾಂಕ ಹಾಕಿ ಬರೆದಿಡಿ, ಕಾನೂನಿನಲ್ಲಿ ಅದು ಅನುಚಿತ ಕಾರ್ಮಿಕ ಪದ್ಧತಿ. ಯಾವ ಕಡೆ ಇದ್ದರೂ ದಿಢೀರ್ ಮುಷ್ಕರಕ್ಕೆ ಮಾತ್ರ ಹೋಗಬೇಡಿ. ಈಗಿನ ಕಾನೂನಿನಲ್ಲಿ 14 ದಿನದ ನೋಟಿಸ್ ಬೇಕು. 2010ರ ಮೇ ತಿಂಗಳಲ್ಲಿ ಏರ್ ಇಂಡಿಯಾದ ನೌಕರರ ಯೂನಿಯನ್, ಎಂಜಿನಿಯರ್‌ಗಳ ಸಂಘ ಎರಡೂ ಏಕಾಏಕಿ ಕೆಲಸ ನಿಲ್ಲಿಸಿದಾಗ ಕಂಪನಿ ಎರಡರ ಮಾನ್ಯತೆಯನ್ನೂ ರದ್ದು ಮಾಡಿತ್ತು.

ಮದುವೆ ವಿಷಯಕ್ಕೆ ಬೇರೆ ಪತ್ರ ಬರೆಯಿರಿ. ಬರೆಯುವ ಮೊದಲು ಆ ಹುಡುಗಿಗೆ ಏನನ್ನಿಸುತ್ತದೆ ಅಂತ ಕೇಳಿಕೊಳ್ಳಿ. ಈ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವಳದ್ದು ಮಾತ್ರ ಇಲ್ಲ.