ಬ್ಯಾಟರಿ ಚೆನ್ನಾಗಿದೆ ಸರಿ, ಹೆಡ್‌ಲ್ಯಾಂಪ್ ಯಾರು ಕೊಡುತ್ತಾರೆಂದು ಕೇಳಿದ್ದೀರಾ?

ನಿಮ್ಮನ್ನು ಕೆಲಸಕ್ಕೆ ಕರೆದಿರುವ ವಿದ್ಯುತ್ ಕಾರು ಸ್ಟಾರ್ಟಪ್‌ನ ಬ್ಯಾಟರಿ ದೊಡ್ಡ ಕಂಪನಿಗಳದ್ದಕ್ಕಿಂತ ಉತ್ತಮವಾಗಿದೆ, ಆದ್ದರಿಂದ ಈಗಿನ ಕೆಲಸ ಬಿಟ್ಟು ಸೇರಬಹುದೇ ಎಂದು ಕೇಳಿದ್ದೀರಿ. ಇದೇ ನಂಬಿಕೆಯ ಮೇಲೆ ಭದ್ರವಾದ ಕೆಲಸವನ್ನು ಬಿಟ್ಟು, ಬೆಂಗಳೂರಿನ ಅಂಥದ್ದೇ ಒಂದು ಸಣ್ಣ ಕಂಪನಿಯ ಖರೀದಿ ವಿಭಾಗಕ್ಕೆ ಸೇರಿದವನು ನಾನು. ನಮ್ಮ ಬ್ಯಾಟರಿ ನಿಜಕ್ಕೂ ಚೆನ್ನಾಗಿತ್ತು. ಕಂಪನಿ ಮುಚ್ಚಿದ್ದು ಹೆಡ್‌ಲ್ಯಾಂಪಿನಿಂದ.

ಬೇರೆ ಯಾವ ಕಾರಿಗೂ ಇಲ್ಲದ ಮುಖ ನಮ್ಮ ಕಾರಿಗೆ ಬೇಕೆಂದು ವಿನ್ಯಾಸಕಾರರು ಬಾನೆಟ್ಟಿನ ಅಂಚಿಗೆ ಬಾಗಿದ ತೆಳುವಾದ ಹೆಡ್‌ಲ್ಯಾಂಪನ್ನು ರೂಪಿಸಿದ್ದರು. ಉತ್ಪಾದನೆ ನಿಂತಿದ್ದ ಹಳೆಯ ಹ್ಯಾಚ್‌ಬ್ಯಾಕ್ ಒಂದರ ದೀಪವನ್ನೇ ತೆಗೆದುಕೊಳ್ಳಿ, ಅಚ್ಚುಗಳು ಸಿದ್ಧವಾಗಿವೆ, ಪರೀಕ್ಷೆಯೂ ಮುಗಿದಿದೆ, ಮೂಲ ಕಂಪನಿಯ ಒಪ್ಪಿಗೆಯನ್ನು ನಾವೇ ತಂದುಕೊಡುತ್ತೇವೆ ಎಂದು ದೀಪ ತಯಾರಿಸಿಕೊಡುವ ಪುಣೆ ಕಡೆಯ ವೆಂಡರ್ ಮೊದಲ ಭೇಟಿಯಲ್ಲೇ ಹೇಳಿದ್ದರು. ಅದನ್ನು ನಿರಾಕರಿಸಿ ಹೊಸ ದೀಪದ ಆರ್ಡರಿಗೆ ಸಹಿ ಹಾಕಿದವನು ನಾನೇ. ಆ ಸಹಿ ಏಕೆ ಅಷ್ಟು ದುಬಾರಿಯಾಯಿತು ಎಂಬುದನ್ನು ಬಿಡಿಸಿ ಹೇಳಬೇಕು.

ಒಂದು ದೀಪದಲ್ಲಿ ಹೊರಗಿನ ಲೆನ್ಸ್, ಒಳಗಿನ ರಿಫ್ಲೆಕ್ಟರ್, ಹಿಂಬದಿಯ ಗೂಡು ಇವೆಲ್ಲಕ್ಕೂ ಬೇರೆ ಬೇರೆ ಅಚ್ಚು ಬೇಕು. ಎಡಗಡೆಯ ದೀಪ ಬಲಗಡೆಗೆ ಕೂರುವುದಿಲ್ಲವಾದ್ದರಿಂದ ಪ್ರತಿಯೊಂದೂ ಎರಡೆರಡು ಬೇಕು. ಅಚ್ಚುಗಳಿಗೆ ಒಟ್ಟು 2 ಕೋಟಿ ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳಿ. 2 ಲಕ್ಷ ಕಾರು ಮಾರುವವರಿಗೆ ಅದು ಕಾರೊಂದಕ್ಕೆ 100 ರೂಪಾಯಿ. 2 ಸಾವಿರ ಕಾರು ಮಾರುವವರಿಗೆ 10,000 ರೂಪಾಯಿ. ಅದೂ ದೊಡ್ಡವರು ವರ್ಷಗಟ್ಟಲೆ ದೀಪದ ಬೆಲೆಯಲ್ಲಿ ಸೇರಿಸಿ ತೀರಿಸುವ ಹಣವನ್ನು ನಾವು ಮುಂಗಡವಾಗಿಯೇ ಕೊಡಬೇಕಾಯಿತು, ಏಕೆಂದರೆ ಮುಂದಿನ ವರ್ಷ ನಾವು ಇರುತ್ತೇವೆಂಬ ಭರವಸೆ ವೆಂಡರಿಗೆ ಇರಲಿಲ್ಲ. ಅಷ್ಟರಲ್ಲಿ ಅಪಘಾತ ಪರೀಕ್ಷೆಯ (ಕ್ರ್ಯಾಶ್ ಟೆಸ್ಟ್) ಫಲಿತಾಂಶ ನೋಡಿ ಕಾರಿನ ಮುಂಭಾಗದ ಚೌಕಟ್ಟನ್ನು ಬದಲಿಸಬೇಕಾಯಿತು. ದೀಪ ಕೂರುವ ಜಾಗ ಸ್ವಲ್ಪವೇ ಸರಿದರೂ ಅಚ್ಚನ್ನು ತಿದ್ದಬೇಕು, ತಿದ್ದಿದ ದೀಪವನ್ನು ಮತ್ತೆ ಬೆಳಕಿನ ಪರೀಕ್ಷೆಗೆ ಕಳುಹಿಸಬೇಕು. ಆ ಹೊತ್ತಿಗೆ ವೆಂಡರಿನ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು ಮಾಡುವ ವಿಭಾಗದಲ್ಲಿ, ದೊಡ್ಡ ಕಂಪನಿಯೊಂದರ ಹೊಸ ಮಾದರಿಯ ಕೆಲಸ ಹಿಡಿದಿತ್ತು, ನಮ್ಮದು ಸರದಿಯ ಕೊನೆಗೆ ಹೋಯಿತು. ದೀಪವಿಲ್ಲದೆ ಕಾರನ್ನು ಮಾರಲು ಬೇಕಾದ ಮಾನ್ಯತೆ ದೊರೆಯಲಿಲ್ಲ, ಮಾನ್ಯತೆ ಇಲ್ಲದೆ ಹೂಡಿಕೆದಾರರ ಮುಂದಿನ ಕಂತು ಬಿಡುಗಡೆಯಾಗಲಿಲ್ಲ. ಕಾಯುತ್ತಿದ್ದ ಅಷ್ಟೂ ತಿಂಗಳು ಬಾಡಿಗೆ ಮತ್ತು ಸಂಬಳ ಮಾತ್ರ ಹೋಗುತ್ತಲೇ ಇತ್ತು. ಮೆಕ್‌ಲಾರೆನ್ ಎಫ್1ನಂಥ ದುಬಾರಿ ಸೂಪರ್‌ಕಾರಿನ ಹಿಂದಿನ ದೀಪಗಳೇ ಬಸ್ಸೊಂದರಿಂದ ಬಂದವು ಎಂದು ನಾನು ತಿಳಿದದ್ದು ಇದೆಲ್ಲ ಮುಗಿದ ಮೇಲೆ.

ಆದ್ದರಿಂದ ಸ್ಪರ್ಧೆ ಬ್ಯಾಟರಿಯಲ್ಲಿದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದು ಇರುವುದು ಆಗಲೇ ಸಿದ್ಧವಿರುವ ಬಿಡಿಭಾಗ, ಕಾರ್ಖಾನೆ, ಶೋರೂಮುಗಳಲ್ಲಿ. ಟಾಟಾ ಮೋಟಾರ್ಸ್ 2020ರ ಜನವರಿಯಲ್ಲಿ ನೆಕ್ಸಾನ್ ಇವಿ ತಂದಾಗ ಅದರ ಮೈಕಟ್ಟು ಆಗಲೇ ಮಾರಾಟದಲ್ಲಿದ್ದ ಪೆಟ್ರೋಲ್, ಡೀಸೆಲ್ ನೆಕ್ಸಾನ್‌ನದ್ದೇ ಆಗಿತ್ತು. ಚಾರ್ಜರ್ ಹಾಕಿಕೊಡಲು ಅದೇ ಸಮೂಹದ ಟಾಟಾ ಪವರ್ ಇತ್ತು, ಮಾರಲು ಊರೂರಿನ ಶೋರೂಮುಗಳಿದ್ದವು. ಟೆಸ್ಲಾ ಗೆಲ್ಲಲಿಲ್ಲವೇ ಎಂದು ನೀವು ಕೇಳಬಹುದು. ಅದರ ಮೊದಲ ಕಾರು ರೋಡ್‌ಸ್ಟರ್ ಹುಟ್ಟಿದ್ದು ಲೋಟಸ್ ಎಲಿಸ್ ಎಂಬ ಬ್ರಿಟಿಷ್ ಕಾರಿನ ಆಧಾರದ ಮೇಲೆ. 2010ರಲ್ಲಿ ಅದು ಕೊಂಡ ಫ್ರೀಮಾಂಟ್ ಕಾರ್ಖಾನೆ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ನಡೆಸುತ್ತಿದ್ದದ್ದು. ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ 2001ರಲ್ಲೇ ರಸ್ತೆಗಿಳಿದು, ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್‌ನ ಬೀದಿಗಳಲ್ಲೂ ಓಡಾಡಿತು. ಇಷ್ಟು ಮೊದಲೇ ಹೊರಟ ಆ ಕಂಪನಿ ಕೂಡ 2010ರಲ್ಲಿ ಮಹೀಂದ್ರದ ಕೈಸೇರಿತು. ರೇವಾದ ಬಗ್ಗೆ ನನಗೆ ಇಂದಿಗೂ ಅಪಾರ ಗೌರವವಿದೆ. ಕಲ್ಪನೆಯಲ್ಲಿ ಅವರು ಯಾರಿಗೂ ಹಿಂದೆ ಇರಲಿಲ್ಲ.

ಇನ್ನೊಂದು ವಿಷಯವೆಂದರೆ ಕೊಳ್ಳುವವರ ಭಯ. 2024ರ ಜೂನಿನಲ್ಲಿ ಅಮೆರಿಕದ ವಿದ್ಯುತ್ ಕಾರು ಕಂಪನಿ ಫಿಸ್ಕರ್ ದಿವಾಳಿ ಅರ್ಜಿ ಹಾಕಿದಾಗ, ಅದರ ಓಷನ್ ಕಾರು ಕೊಂಡವರು ಬಿಡಿಭಾಗಕ್ಕೂ ಸಾಫ್ಟ್‌ವೇರ್‌ಗೂ ತಾವೇ ಸಂಘ ಕಟ್ಟಿಕೊಂಡು ಪರದಾಡಬೇಕಾಯಿತು. ಹತ್ತು ವರ್ಷ ಬಳಸಲೆಂದು ಸಾಲ ಮಾಡಿ ಕಾರು ಕೊಳ್ಳುವ ಕುಟುಂಬ, ಐದನೆಯ ವರ್ಷದಲ್ಲಿ ಬಾಗಿಲಿನ ಗಾಜು ಒಡೆದರೆ ಎಲ್ಲಿಗೆ ಹೋಗುವುದು ಎಂದು ಕೇಳುತ್ತದೆ. ಅದು ನ್ಯಾಯವಾದ ಪ್ರಶ್ನೆ, ನಮ್ಮಲ್ಲಿ ಉತ್ತರವಿರಲಿಲ್ಲ. ಸರ್ಕಾರದ ನೆರವನ್ನೂ ನೆಚ್ಚಿಕೊಳ್ಳಬೇಡಿ: 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದದ್ದು ಎಲ್ಲರಿಗೂ ಸಮಾನವಾಗಿ, ಆದರೆ 2024ರ ವಿದ್ಯುತ್ ಕಾರು ನೀತಿಯ ಆಮದು ಸುಂಕ ರಿಯಾಯಿತಿಗೆ ಕನಿಷ್ಠ 4,150 ಕೋಟಿ ರೂಪಾಯಿ ಹೂಡಬೇಕು.

ರೇವಾ ಕಟ್ಟಿದ ಚೇತನ್ ಮೈನಿ ಅವರು ಮುಂದೆ 2017ರಲ್ಲಿ ಸನ್ ಮೊಬಿಲಿಟಿ ಆರಂಭಿಸಿದಾಗ ಮತ್ತೊಂದು ಕಾರು ಮಾಡಲಿಲ್ಲ, ಬ್ಯಾಟರಿ ಬದಲಾಯಿಸಿಕೊಡುವ ಕೆಲಸಕ್ಕೆ ಇಳಿದರು. ನಿಮ್ಮನ್ನು ಕರೆದವರ ಬ್ಯಾಟರಿ ಅಷ್ಟು ಚೆನ್ನಾಗಿದ್ದು, ಅದನ್ನು ಆಟೋ ಅಥವಾ ಕಾರು ತಯಾರಕರಿಗೆ ಮಾರುವ ಉದ್ದೇಶ ಅವರಿಗಿದ್ದರೆ ಇಂದೇ ಸೇರಿ. ಕಾರನ್ನೇ ಮಾಡುತ್ತೇವೆ ಎಂದರೆ, ಬಿಡಿಭಾಗಗಳ ಪೂರ್ತಿ ಪಟ್ಟಿಯನ್ನು ತೋರಿಸಲು ಕೇಳಿ. ಅದರಲ್ಲಿ ಎಷ್ಟು ಭಾಗ ಈಗಾಗಲೇ ಬೇರೆ ಕಾರುಗಳಲ್ಲಿ ಓಡುತ್ತಿದೆ, ಉಳಿದವುಗಳ ಅಚ್ಚಿನ ಹಣ ಯಾರು ಕಟ್ಟಿದ್ದಾರೆ, ಮಾನ್ಯತೆ ಒಂದು ವರ್ಷ ತಡವಾದರೆ ಬ್ಯಾಂಕಿನಲ್ಲಿ ಸಂಬಳಕ್ಕೆ ಹಣವಿದೆಯೇ ಎಂದು ವಿಚಾರಿಸಿ. ಪಟ್ಟಿ ತೋರಿಸಲು ಹಿಂಜರಿದರೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.