ಟೈರ್ ಕೆಳಗೆ ಬಣ್ಣ ಕಿತ್ತು ಬರುವುದು ಯಾಕೆ? ಕಾರ್ ನಿಲ್ಲಿಸುವ ನೆಲದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 30–40ರ ಸೈಟಿನ ಮನೆ. ಗೇಟಿನ ಒಳಗೆ ಒಂದು ಕಾರು, ಎರಡು ಸ್ಕೂಟರ್ ನಿಲ್ಲಿಸುವ ಜಾಗ ಇದೆ, ಸುಮಾರು 10 ಅಡಿಗೆ 20 ಅಡಿ, ಕಾಂಕ್ರೀಟ್ ನೆಲ. ಹೋದ ದೀಪಾವಳಿಗೆ ಮುಂಚೆ ನಾನೇ ಗುಡಿಸಿ, ತೊಳೆದು, ಅಂಗಡಿಯಿಂದ ಫ್ಲೋರ್ ಪೇಂಟ್ ತಂದು ಎರಡು ಕೋಟ್ ಹೊಡೆದೆ. ಮೂರೇ ತಿಂಗಳಿಗೆ ಟೈರ್ ನಿಲ್ಲುವ ಕಡೆ ಕಿತ್ತು ಬಂತು. ಸಂಪಿನ ಮುಚ್ಚಳದ ಸುತ್ತ ಗುಳ್ಳೆ ಎದ್ದಿದೆ. ಈಗ ಎಪಾಕ್ಸಿ ಹಾಕೋಣ ಅಂತಿದ್ದೇನೆ. ಹಳೇ ಬಣ್ಣದ ಮೇಲೇ ಹಾಕಬಹುದಾ? ಆಸಿಡ್ ಹಾಕಿ ತೊಳೆದರೆ ಸಾಕಾ? ಈ ಸಲವೂ ನಾನೇ ಮಾಡಬೇಕು ಅಂತ ಆಸೆ.
– ಓದುಗರೊಬ್ಬರು, ಮೈಸೂರು

ಉತ್ತರ: ನೀವೇ ಮಾಡಬಹುದು, ಖಂಡಿತ. ಆದರೆ ಹಳೇ ಬಣ್ಣದ ಮೇಲೆ ಬೇಡ. ಎಪಾಕ್ಸಿ ಅಂದರೆ ಬೇಸ್, ಹಾರ್ಡ್‌ನರ್ ಎಂಬ ಎರಡು ಡಬ್ಬ ಬೆರೆಸಿ ಹಚ್ಚುವ ಲೇಪ. ಅದು ಎಷ್ಟೇ ಗಟ್ಟಿ ಇರಲಿ, ಹಿಡಿದುಕೊಳ್ಳುವುದು ಕೆಳಗಿರುವ ಬಣ್ಣವನ್ನು. ಆ ಬಣ್ಣವೇ ನೆಲವನ್ನು ಬಿಟ್ಟಿದೆ ಅಂದಮೇಲೆ ಎರಡೂ ಒಟ್ಟಿಗೇ ಎದ್ದು ಬರುತ್ತವೆ.

ಹೊಸ ಡಬ್ಬ ತರುವ ಮುಂಚೆ ಒಂದು ಕೆಲಸ ಮಾಡಿ. ಕಿತ್ತು ಬಂದ ಬಣ್ಣದ ಒಂದು ಚೂರನ್ನು ಎತ್ತಿ, ಮಗುಚಿ, ಬಿಸಿಲಿಗೆ ಹಿಡಿದು ನೋಡಿ. ಹಿಂಬದಿಗೆ ಬೂದು ಬಣ್ಣದ ಪುಡಿ ಅಂಟಿಕೊಂಡಿದ್ದರೆ, ಬಣ್ಣ ತನ್ನ ಕೆಲಸ ಮಾಡಿದೆ, ಅದರ ಕೆಳಗಿನ ಸಿಮೆಂಟಿನ ಪದರವೇ ಬಿಟ್ಟುಕೊಟ್ಟಿದೆ. ಹಿಂಬದಿ ಗಾಜಿನ ಹಾಗೆ ನುಣ್ಣಗೆ, ಏನೂ ಅಂಟದೆ ಇದ್ದರೆ, ನೆಲ ತುಂಬಾ ನುಣುಪಾಗಿತ್ತು ಅಥವಾ ಎಣ್ಣೆ ಕುಡಿದಿತ್ತು, ಬಣ್ಣಕ್ಕೆ ಹಿಡಿತವೇ ಸಿಕ್ಕಿಲ್ಲ. ತೇವ ಇದ್ದರೆ, ಅಥವಾ ಬಿಳಿ ಉಪ್ಪಿನಂಥ ಪುಡಿ ಕಂಡರೆ, ಕೆಳಗಿನಿಂದ ನೀರಿನ ಪಸೆ ಮೇಲೆ ಬರುತ್ತಿದೆ ಅಂತ ಅರ್ಥ. ಟೈರ್ ಜಾಗದ ಚೂರನ್ನೂ ಸಂಪಿನ ಹತ್ತಿರದ ಚೂರನ್ನೂ ಬೇರೆ ಬೇರೆ ನೋಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮಲ್ಲಿ ಎರಡು ರೋಗ ಇವೆ, ಮದ್ದೂ ಎರಡು ಬೇಕು.

ಮೊದಲು ಟೈರ್ ಜಾಗದ್ದು. ನಮ್ಮ ಕಡೆ ಮೇಸ್ತ್ರಿಗಳು ಕಾಂಕ್ರೀಟ್ ಹಾಕಿದ ಮೇಲೆ ನೆಲ ಹೊಳೆಯಲಿ ಅಂತ ಮೇಲೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜುತ್ತಾರೆ. ನೋಡೋಕೆ ಚೆನ್ನ, ನಡೆದಾಡೋಕೂ ಚೆನ್ನ, ಆದರೆ ಆ ತೆಳ್ಳಗಿನ ಸಿಮೆಂಟ್ ಹಾಲಿನ ಪದರ ಒಳಗಿನ ಕಾಂಕ್ರೀಟಿನಷ್ಟು ಗಟ್ಟಿ ಇರುವುದಿಲ್ಲ. ಮನೆ ಬೀಗದ ಕೈಯಲ್ಲಿ ಒತ್ತಿ ಗೀರಿ ನೋಡಿ, ಪುಡಿ ಬಂದರೆ ಅದೇ. ಇದರ ಮೇಲೆ ಕಾರಿನ ಬಿಸಿ ಟೈರ್ ಬಂದು ನಿಲ್ಲುತ್ತದೆ. ಬಿಸಿಗೆ ಬಣ್ಣ ಸ್ವಲ್ಪ ಮೆತ್ತಗಾಗುತ್ತದೆ, ರಬ್ಬರಿನಲ್ಲಿರುವ ಎಣ್ಣೆಯಂಥ ಅಂಶವೂ ಅದಕ್ಕೆ ಇಳಿಯುತ್ತದೆ, ಟೈರ್ ತಣ್ಣಗಾಗಿ ಕುಗ್ಗುವಾಗ ಬಣ್ಣವನ್ನು ಹಿಡಿದು ಎಳೆಯುತ್ತದೆ. ಡಬ್ಬ ತೆಗೆದು ನೇರ ಹಚ್ಚುವ ಸಾಮಾನ್ಯ ಪೇಂಟ್ ಇದನ್ನು ತಡೆಯುವುದಿಲ್ಲ. ಎರಡು ಡಬ್ಬದ ಎಪಾಕ್ಸಿ ತಡೆಯುತ್ತದೆ, ಆದರೆ ಕೆಳಗಿನ ಆ ದುರ್ಬಲ ಪದರ ಹೋಗಿದ್ದರೆ ಮಾತ್ರ.

ಆಸಿಡ್ ಸಾಕಾ ಅಂದಿರಿ. ನಿಮ್ಮ ನೆಲಕ್ಕೆ ಸಾಲದು, ಬೇಡವೂ ಬೇಡ. ಆಸಿಡ್ ಕರಗಿಸುವುದು ಸಿಮೆಂಟನ್ನು, ಬಣ್ಣವನ್ನಲ್ಲ, ಎಣ್ಣೆಯನ್ನೂ ಅಲ್ಲ. ಹಳೇ ಬಣ್ಣ ಇನ್ನೂ ಹಿಡಿದುಕೊಂಡಿರುವ ಕಡೆ ಅದು ಸುಮ್ನೆ ಮೇಲೆ ಹರಿದು ಹೋಗುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನ ಇಟ್ಟು ಓದಿ: ನಿಮ್ಮ ಸಂಪು ಅದೇ ನೆಲದಲ್ಲಿದೆ. ಆಸಿಡ್ ನೀರು ಮುಚ್ಚಳದ ಸಂದಿಯಿಂದ ಇಳಿದರೆ ಮನೆಯವರು ಬಳಸುವ ನೀರಿಗೇ ಸೇರುತ್ತದೆ. ಅದರ ಹೊಗೆಗೆ ಗೇಟು, ಸ್ಕೂಟರಿನ ಕಬ್ಬಿಣದ ಭಾಗ ಎಲ್ಲ ತುಕ್ಕು ಹಿಡಿಯುತ್ತವೆ. ನಾನು ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯ ನೆಲಕ್ಕೆ ಆಸಿಡ್ ಹಾಕಿದ್ದೆ. ಎರಡು ಸಲ ತೊಳೆದು ಸಾಕು ಅಂದುಕೊಂಡೆ. ಸಂದಿಯಲ್ಲಿ ಉಳಿದಿದ್ದ ಆಸಿಡ್ಡೂ, ಕರಗಿ ಕೂತಿದ್ದ ಸಿಮೆಂಟ್ ರಾಡಿಯೂ ಪೂರ್ತಿ ಹೋಗಿರಲಿಲ್ಲ. ಆ ಜಾಗದಲ್ಲೆಲ್ಲ ಒಂದೇ ಮಳೆಗಾಲಕ್ಕೆ ಎಪಾಕ್ಸಿ ಹಪ್ಪಳದ ಹಾಗೆ ಎದ್ದು ಬಂತು. ಅವತ್ತಿನಿಂದ ನಾನು ಗ್ರೈಂಡರ್ ಪಕ್ಷ.

ಆಂಗಲ್ ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ ಹಾಕಿಕೊಂಡು ಉಜ್ಜಬೇಕು. 200 ಚದರಡಿಗೆ ಒಂದು ಇಡೀ ದಿನ ಇಟ್ಟುಕೊಳ್ಳಿ, ಸೊಂಟ ಹಿಡಿಯುತ್ತದೆ, ಇಬ್ಬರಿದ್ದರೆ ಒಳ್ಳೆಯದು. ಬಾಡಿಗೆಗೆ ನಿಂತು ಉಜ್ಜುವ ಯಂತ್ರ ಸಿಕ್ಕಿದರೆ ಅದೇ ಉತ್ತಮ. ವೀಲಿನ ಸುತ್ತ ದೂಳು ಹಿಡಿಯುವ ಕವರ್, ಅದಕ್ಕೊಂದು ವ್ಯಾಕ್ಯೂಮ್ ಇರಲೇಬೇಕು. ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಬಾಯಿಗೆ ಕರ್ಚೀಫ್ ಕಟ್ಟಿಕೊಂಡರೆ ಆಗುವುದಿಲ್ಲ, ಎನ್95 ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ ಬೇಕು. ಮಕ್ಕಳನ್ನು ಆ ದಿನ ಎಲ್ಲಾದರೂ ಕಳಿಸಿಬಿಡಿ.

ಉಜ್ಜುವ ಮುಂಚೆ ಎಣ್ಣೆ ಕಲೆ ತೆಗೆಯಿರಿ. ಇಲ್ಲದಿದ್ದರೆ ಗ್ರೈಂಡರ್ ಎಣ್ಣೆಯನ್ನು ಇನ್ನೂ ಅಗಲಕ್ಕೆ ಸವರುತ್ತದೆ. ಡಿಗ್ರೀಸರ್ ಹಾಕಿ, ಗಡಸು ಬ್ರಷ್ಷಿನಲ್ಲಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಬೇಕು. ಸೀಮೆಎಣ್ಣೆ ಮಾತ್ರ ಹಾಕಬೇಡಿ, ಅದು ತಾನೇ ಒಂದು ಎಣ್ಣೆ. ಉಜ್ಜಿದ ಮೇಲೆ ನೆಲ ಸ್ಯಾಂಡ್ ಪೇಪರ್ ಮುಟ್ಟಿದ ಹಾಗೆ ಒರಟಾಗಿರಬೇಕು. ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ಹನಿ ಹರಡಿ ಒಳಗೆ ಇಳಿದು ಕಪ್ಪಗಾದರೆ ಆ ಜಾಗ ಸಿದ್ಧ. ಕೆಸುವಿನ ಎಲೆ ಮೇಲಿನ ಹನಿ ಹಾಗೆ ಉರುಟಾಗಿ ನಿಂತರೆ ಅಲ್ಲಿ ಇನ್ನೂ ಎಣ್ಣೆ ಇದೆ.

ಈಗ ಸಂಪಿನದು. ನಿಜವಾದ ಕಷ್ಟ ಇರುವುದು ಇಲ್ಲೇ. ಸಂಪಿನಲ್ಲಿ ಸದಾ ನೀರು. ಮೇಲಿನ ಸ್ಲ್ಯಾಬಿನ ಅಡಿಗೆ ಸದಾ ಪಸೆ. ಅಲ್ಲದೆ ನಮ್ಮ ಹೆಚ್ಚಿನ ಮನೆಗಳಲ್ಲಿ ಮಣ್ಣು ತುಂಬಿ, ಸೈಜು ಕಲ್ಲು ಹಾಸಿ, ಅದರ ಮೇಲೆ ನೇರ ಕಾಂಕ್ರೀಟ್ ಹಾಕಿರುತ್ತಾರೆ, ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿರುವುದಿಲ್ಲ. ಮಣ್ಣಿನ ಪಸೆ ಮೇಲೇರಿ ಆವಿಯಾಗಿ ಹೋಗುತ್ತಿರುತ್ತದೆ, ಬರೀ ನೆಲ ಇದ್ದಾಗ ಅದು ಗೊತ್ತೇ ಆಗುವುದಿಲ್ಲ. ಮೇಲೆ ಉಸಿರಾಡದ ಪದರ ಹಾಕಿದ ತಕ್ಷಣ ದಾರಿ ಮುಚ್ಚುತ್ತದೆ, ಗುಳ್ಳೆ ಏಳುತ್ತದೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರೀ ಕಾಂಕ್ರೀಟಿನ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಬಿಡಬೇಕು, ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ತೆಗೆದಾಗ ಹಾಳೆ ಒಳಗೆ ಹನಿ ಕೂತಿದ್ದರೆ ಅಥವಾ ಕೆಳಗಿನ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ ಅಲ್ಲಿ ಪಸೆ ಇದೆ. ಸಂಪಿನ ಪಕ್ಕ ಒಂದು, ಕಾರಿನ ಕೆಳಗೆ ಒಂದು, ಗೋಡೆ ಮೂಲೆಯಲ್ಲಿ ಒಂದು ಹಾಕಿ. ಪಸೆ ಬಂದ ಭಾಗಕ್ಕೆ ಮಾಮೂಲಿ ಎಪಾಕ್ಸಿ ಹಾಕಬೇಡಿ ಅಂತಲೇ ನನ್ನ ಸಲಹೆ. ತೇವ ತಡೆಯುವ ವಿಶೇಷ ಎಪಾಕ್ಸಿ ಪ್ರೈಮರ್‌ಗಳು ಇವೆ, ದುಬಾರಿ, ಕೆಲಸದ ಹದವೂ ಕಷ್ಟ. ಅದರ ಬದಲು ಸಂಪಿನ ಸ್ಲ್ಯಾಬ್ ಇರುವಷ್ಟು ಜಾಗಕ್ಕೆ ಟೇಪ್ ಹಾಕಿ ನೇರ ಗೆರೆ ಎಳೆದು, ಅಲ್ಲಿ ಕಾಂಕ್ರೀಟಿಗೇ ಅಂತ ಬರುವ (ಎಪಾಕ್ಸಿಗೆ ಬೆರೆಸುವುದಲ್ಲ) ಲಿಥಿಯಂ ಸಿಲಿಕೇಟ್ ಹಾರ್ಡ್‌ನರ್ ಮಾತ್ರ ಹಾಕಿಬಿಡಿ. ಅದು ಕಾಂಕ್ರೀಟಿನ ಒಳಗೆ ಇಳಿದು ದೂಳು ಏಳದಂತೆ ಗಟ್ಟಿ ಮಾಡುತ್ತದೆ, ಮೇಲೆ ಪದರ ಕಟ್ಟುವುದಿಲ್ಲ, ಹಾಗಾಗಿ ಕಿತ್ತು ಬರುವ ಪ್ರಶ್ನೆಯೇ ಇಲ್ಲ. ಬಣ್ಣ ಒಂದೇ ಥರ ಕಾಣುವುದಿಲ್ಲ, ನಿಜ. ನೇರ ಗೆರೆ ಇದ್ದರೆ ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ, ಅಲ್ವಾ?

ಬಿರುಕುಗಳನ್ನು ಸ್ವಲ್ಪ ಅಗಲ ಮಾಡಿ, ದೂಳು ತೆಗೆದು, ಎಪಾಕ್ಸಿ ಪುಟ್ಟಿ ತುಂಬಿ. ಬೇಕಂತಲೇ ಬಿಟ್ಟ ಜಾಯಿಂಟ್‌ಗಳನ್ನು ಗಟ್ಟಿ ಪುಟ್ಟಿಯಿಂದ ಮುಚ್ಚಬೇಡಿ.

ಎಪಾಕ್ಸಿ ಎಷ್ಟು ಬೇಕು? ನಿಮ್ಮ ನೆಲ ಸುಮಾರು 18.6 ಚದರ ಮೀಟರ್. ಆವಿಯಾಗುವ ದ್ರವ ಇಲ್ಲದ ಎಪಾಕ್ಸಿ, ಅಂದರೆ ಡಬ್ಬದ ಮೇಲೆ ಸಾಲಿಡ್ಸ್ 100 ಅಂತ ಬರೆದಿರುವಂಥದ್ದು, 200 ಮೈಕ್ರಾನ್ ದಪ್ಪಕ್ಕೆ ಲೀಟರಿಗೆ 5 ಚದರ ಮೀಟರ್ ಬರುತ್ತದೆ. ಒಂದು ಕೋಟ್ ಹಚ್ಚಲು ಮೂರೂಮುಕ್ಕಾಲು ಲೀಟರ್ ಆಯಿತು. ಒರಟು ನೆಲ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಸಾಲಿಡ್ಸ್ 50 ಇದ್ದರೆ ಹಚ್ಚಿದ್ದರಲ್ಲಿ ಅರ್ಧ ಗಾಳಿಗೆ ಹೋಗುತ್ತದೆ, ಉಳಿಯುವ ಪದರವೂ ಅರ್ಧ. ರೇಟ್ ಹೋಲಿಸುವಾಗ ಇದನ್ನು ನೋಡಿ.

ಬೆರೆಸುವುದರಲ್ಲಿ ಅಂದಾಜು ನಡೆಯುವುದಿಲ್ಲ. ಬೇಸ್ ಮತ್ತು ಹಾರ್ಡ್‌ನರ್ ಅಳತೆ ಡಬ್ಬದ ಮೇಲೆ ಇರುವಷ್ಟೇ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಡ್ರಿಲ್ಲಿಗೆ ಕಡ್ಡಿ ಹಾಕಿ ನಿಧಾನವಾಗಿ ಮೂರು ನಿಮಿಷ ತಿರುಗಿಸಿ, ಬಕೆಟಿನ ಗೋಡೆ ಕೆರೆದು, ಇನ್ನೊಂದು ಬಕೆಟಿಗೆ ಸುರಿದು ಮತ್ತೆ ತಿರುಗಿಸಿ. ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ಭಾಗವೇ ನೆಲದ ಮೇಲೆ ಜಿಗುಟಾಗಿ ಉಳಿಯುವುದು. ಬೆರೆತ ತಕ್ಷಣ ನೆಲಕ್ಕೆ ಸುರಿದುಬಿಡಿ. ಬಕೆಟಿನಲ್ಲಿ ಗುಡ್ಡೆಯಾಗಿ ಇದ್ದಷ್ಟೂ ಅದು ತಾನೇ ಬಿಸಿಯಾಗಿ ಕೈಗೆ ಸಿಗದಂತೆ ಗಟ್ಟಿಯಾಗುತ್ತದೆ. ಕೈಗವಸು ತೆಗೆಯಬೇಡಿ, ಹಾರ್ಡ್‌ನರ್ ಚರ್ಮಕ್ಕೆ ತಾಗಿ ಅಲರ್ಜಿ ಶುರುವಾದರೆ ಜೀವನಪೂರ್ತಿ ಬಿಡದು.

ಹೊತ್ತು ಯಾವುದು? ಬೆಳಗ್ಗೆ ಬೇಡ. ಬಿಸಿಲೇರುತ್ತಾ ನೆಲ ಕಾದಾಗ ಕಾಂಕ್ರೀಟಿನ ರಂಧ್ರದ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಸೂಜಿ ತೂತುಗಳಾಗುತ್ತವೆ. ಮಧ್ಯಾಹ್ನ ಮೂರು ನಾಲ್ಕರ ಮೇಲೆ, ನೆಲ ತಣಿಯುವಾಗ ಶುರು ಮಾಡಿ. ತಿಂಗಳು ಅಂದರೆ ಫೆಬ್ರವರಿ, ಮಾರ್ಚ್. ಚಳಿಗಾಲದ ಇಬ್ಬನಿ ಬಿದ್ದರೆ ಮೇಲೆ ಬಿಳಿ ಬೆವರಿನಂಥ ಜಿಡ್ಡು ಬರುತ್ತದೆ. ಬಂದರೆ ಗಾಬರಿ ಬೇಡ, ಸೋಪು ನೀರಿನಲ್ಲಿ ತೊಳೆದು ಒಣಗಿಸಿಯೇ ಮುಂದಿನ ಕೋಟ್ ಹಚ್ಚಿ.

ಮೊದಲ ಕೋಟ್ ಹಸಿ ಇದ್ದಾಗಲೇ ಸಣ್ಣ ಒಣ ಸಿಲಿಕಾ ಮರಳನ್ನು ಕೋಳಿಗೆ ಕಾಳು ಎರಚಿದ ಹಾಗೆ ಎರಚಿ. ಮಳೆಯಲ್ಲಿ ನೆನೆದ ಚಪ್ಪಲಿಯಲ್ಲಿ ಅಪ್ಪ ಅಮ್ಮ ಗೇಟಿನಿಂದ ಒಳಗೆ ಬರುವಾಗ ಜಾರಬಾರದು. ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುತ್ತದೆ, ಆದ್ದರಿಂದ ಗೇಟಿನ ಕಡೆ ಬಿಸಿಲು ಬೀಳುವ ಭಾಗಕ್ಕಾದರೂ ಮೇಲೊಂದು ಪಾಲಿಯುರೇಥೇನ್ ಕೋಟ್ ಹಾಕಿ. ಒಂದು ದಿನದ ಮೇಲೆ ನಡೆಯಬಹುದು. ಕಾರಿಗೆ ಏಳು ದಿನ, ಅದರಲ್ಲಿ ರಾಜಿ ಇಲ್ಲ. ಸ್ಕೂಟರ್ ಸ್ಟ್ಯಾಂಡಿನ ಭಾರವೆಲ್ಲ ಒಂದೆರಡು ಸಣ್ಣ ಬಿಂದುಗಳ ಮೇಲೆ ಬೀಳುತ್ತದೆ, ಅದರ ಕೆಳಗೆ ರಬ್ಬರ್ ತುಂಡೊಂದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಹೊಸ ಶೆಡ್ಡಿಗೆ ಕಾಂಕ್ರೀಟ್ ಹಾಕಿಸಿ ಎರಡು ವಾರ ಆಯಿತು. ಮಳೆ ಶುರುವಾಗುವ ಮುಂಚೆ ಎಪಾಕ್ಸಿ ಮುಗಿಸಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆತುರ ಬೇಡ. ಹೊಸ ಕಾಂಕ್ರೀಟಿಗೆ ಕಡಿಮೆ ಅಂದರೂ 28 ದಿನ ಬೇಕು. ನಿಮ್ಮ ಮಳೆಗೆ ನೆಲ ಮತ್ತೆ ನೀರು ಕುಡಿಯುತ್ತದೆ. ಈ ಮಳೆಗಾಲ ಹಾಗೇ ಕಳೆಯಲಿ, ಸಂಕ್ರಾಂತಿ ಆದ ಮೇಲೆ ಮೇಲೆ ಹೇಳಿದ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಣಗಿದ್ದರೆ ಶುರು ಮಾಡಿ.

ಪ್ರಶ್ನೆ: ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಚಳಿಗಾಲದಲ್ಲಿ ಕಾರಿನ ಜೊತೆ ರಸ್ತೆಯ ಉಪ್ಪು ಬಂದು ಗ್ಯಾರೇಜ್ ನೆಲ ಅಲ್ಲಲ್ಲಿ ಕಿತ್ತುಹೋಗಿದೆ. ನವೆಂಬರ್ ರಜೆಯಲ್ಲಿ ಎಪಾಕ್ಸಿ ಹಾಕಬಹುದಾ?

ಉತ್ತರ: ನವೆಂಬರ್ ತಡವಾಯಿತು. ನೆಲದ ಬಿಸಿ, ಗಾಳಿಯದಲ್ಲ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಹೆಚ್ಚಿನ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಳಿಯಲ್ಲೂ ಗಟ್ಟಿಯಾಗುವ ಪಾಲಿಆಸ್ಪಾರ್ಟಿಕ್ ಎಂಬ ಇನ್ನೊಂದು ಲೇಪ ಇದೆ, ಆದರೆ ಅದು ಎಷ್ಟು ಬೇಗ ಬಿಗಿಯುತ್ತದೆಂದರೆ ಮೊದಲ ಸಲ ಮಾಡುವವರಿಗೆ ಕೈ ಓಡುವುದಿಲ್ಲ. ಜೂನ್ ತನಕ ಕಾಯಿರಿ. ಅಲ್ಲಿಯವರೆಗೆ ಉಪ್ಪು ನೀರು ನೆಲದಲ್ಲಿ ನಿಲ್ಲದಂತೆ ಆಗಾಗ ತಳ್ಳಿ ಹೊರಗೆ ಹಾಕಿ. ಕೆಲಸಕ್ಕೆ ಮುಂಚೆ ಉಪ್ಪನ್ನು ಚೆನ್ನಾಗಿ ತೊಳೆದು, ಪೊಳ್ಳಾದ ಭಾಗ ಗಟ್ಟಿ ಕಾಂಕ್ರೀಟ್ ಸಿಗುವ ತನಕ ಕೆರೆದು, ಗುಂಡಿ ಮುಚ್ಚಿ ಉಜ್ಜಬೇಕು. ಇನ್ನೊಂದು ವಿಷಯ: ನಿಮ್ಮ ಗ್ಯಾರೇಜಿನಲ್ಲೇ ಗ್ಯಾಸ್ ವಾಟರ್ ಹೀಟರ್ ಇದ್ದರೆ, ಸಾಲ್ವೆಂಟ್ (ಆವಿಯಾಗುವ ದ್ರವ) ಇರುವ ಏನನ್ನೇ ಹಚ್ಚುವ ಮುಂಚೆ ಅದರ ಉರಿ ಆರಿಸಿ ಗ್ಯಾಸ್ ಮುಚ್ಚಿ. ಆವಿ ನೆಲದ ಮಟ್ಟದಲ್ಲೇ ಹರಡಿ ಬೆಂಕಿಯ ಹತ್ತಿರ ಹೋಗುತ್ತದೆ. ವಾಸನೆ ಪೂರ್ತಿ ಹೋಗುವ ತನಕ ಬಾಗಿಲು ತೆರೆದಿಡಿ, ಹೀಟರ್ ಹಚ್ಚಬೇಡಿ.